ಬಲಗಣ್ಣಿನ ರಿಂಗು

ಪ್ರೀತಿಯ ದೊಡ್ಡಪ್ಪನಿಗೆ,

ಪತ್ರಿಕೆಯಲ್ಲಿ ನನ್ನ ಲೇಖನ ಓದಿ ನೀವು ಫೋನಿನಲ್ಲಿ, "ನನ್ನ ಮುದುಕಿಗೂ ಪೇಪರಲ್ಲಿ ಜಾಗ ಸಿಕ್ತಲ್ಲೋ, ಸಾಕು ಬಿಡು" ಎಂದು ನಕ್ಕಿರಿ. ಬೈದಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ಎರಡು ದುಬಾರಿ ಬೈನಾಕ್ಯುಲರುಗಳ ಪಕ್ಕ ನೀವು ಮುದುಕಿ ಎನ್ನುವ ನಿಮ್ಮ ಹಳೆಯದನ್ನಿಟ್ಟು ಹೋಲಿಸಿದ್ದೆ. ಹೊಸವು ನೋಟಕ್ಕೆ ತಕ್ಕ ನೋಟು ಕೇಳುತ್ತವೆ ಎಂದೆ. ಹಿಡಿತದಲ್ಲಿ ನಿಮ್ಮದೇ ಮೇಲು, ಕೈಗೆ ಹದವಾಗಿ ಕೂರುತ್ತದೆ ಎಂದೂ ಬರೆದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? "ಬಲಗಡೆ ಬರೀ ಮಂಜು, ಅಜ್ಜಿಗೆ ಪೊರೆ ಬಂದಿದೆ, ಪಿಂಚಣಿ ಕೊಟ್ಟು ಕಳಿಸಿ" ಎಂದು ಜಾಣತನ ಮೆರೆದೆ.

ನಿನ್ನೆ, ಹಿಂದಿರುಗಿಸಲೆಂದು ಒರೆಸುವಾಗ ತಪ್ಪು ಹೊಳೆಯಿತು. ಎರಡು ಕಣ್ಣುಗಳ ವ್ಯತ್ಯಾಸ ಸರಿದೂಗಿಸುವ ಬಲಗಡೆಯ ರಿಂಗನ್ನು ಹೊಸ ಎರಡರಲ್ಲೂ ನನ್ನ ಕಣ್ಣಿಗೆ ಹೊಂದಿಸಿಕೊಂಡಿದ್ದೆ. ನಿಮ್ಮದರಲ್ಲಿ ಮುಟ್ಟಿಯೇ ಇರಲಿಲ್ಲ. "ಮೊದಲು ರಿಂಗು ತಿರುಗಿಸು, ಆಮೇಲೆ ಬಾಯಿ ತೆರೆ" ಎಂದು ಕಲಿಸಿದವರು ನೀವೇ. ತಿರುಗಿಸಿದೆ. ಎದುರು ತಂತಿಯ ಮೇಲಿನ ಗುಬ್ಬಿಯ ಗರಿ ಎಣಿಸಬಹುದಿತ್ತು.

ಅರ್ಧ ನಾಚಿಕೆ ಆಗಲೇ ಆಯಿತು. ಉಳಿದರ್ಧ, ಆ ರಿಂಗು ಎಲ್ಲಿ ನಿಂತಿತ್ತೆಂದು ನೆನಪಾದಾಗ. ನಿಮ್ಮ ಕಣ್ಣಿಗೆ ಹೊಂದಿಸಲು ಅದು ಕೊನೆಯವರೆಗೂ ತಿರುಗಿತ್ತು, ದೊಡ್ಡಪ್ಪ. ಇನ್ನು ತಿರುಗಲು ಜಾಗವಿರಲಿಲ್ಲ. ನಿಮ್ಮ ಬಲಗಣ್ಣು ಯಾವಾಗಿನಿಂದ ಹೀಗಿದೆ? ಎರಡು ವಾರ ಅದರ ಮಂಜನ್ನೇ ನೋಡಿದೆ, ನಕ್ಕೆ, ಅಚ್ಚು ಹಾಕಿಸಿದೆ.

ಮಂಗಳವಾರ ಹತ್ತಕ್ಕೆ ಕಣ್ಣಿನ ಡಾಕ್ಟರ ಬಳಿ ಹೆಸರು ಬರೆಸಿದ್ದೇನೆ. ಕರೆದೊಯ್ಯಲು ನಾನೇ ಬರುತ್ತೇನೆ. ದೊಡ್ಡಮ್ಮನಿಗೆ ನಾನು ಹೇಳಿಲ್ಲ. ನೀವೂ ಹೇಳಿದಂತಿಲ್ಲ. ಬೈನಾಕ್ಯುಲರನ್ನೂ ಆಗಲೇ ತರುತ್ತೇನೆ. ರಿಂಗನ್ನು ನೀವಿಟ್ಟಿದ್ದ ಜಾಗಕ್ಕೇ ತಿರುಗಿಸಿಟ್ಟಿದ್ದೇನೆ.

ತಲೆ ತಗ್ಗಿಸಿ,
ನಿಮ್ಮ ಬಾಯಿಬಡುಕ