ಖಾಲಿ ಚೌಕ

ಹದಿನಾಲ್ಕನೇ ತಾರೀಖು, ಸೋಮವಾರ
ಕ್ಯಾಂಪಿನಿಂದ

ಅಪ್ಪಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಕನ್ನಡಕ ಹಾಕಿಕೋ, ಬಾಗಿಲು ಮುಂದೆ ಮಾಡು, ಕೂತುಕೊಂಡು ಓದು. ಏನು ಬರೆದಿದ್ದಾಳೆ ಎಂದು ಅಮ್ಮ ಕೇಳಿದರೆ ನನ್ನ ಕೆಮ್ಮು ಕಡಿಮೆಯಾಗಿದೆ ಎಂದು ಹೇಳು, ಅದು ನಿಜವೇ. ಕಾಗದ ತಂದುಕೊಟ್ಟ ನಮ್ಮ ಜೀಪಿನ ಡ್ರೈವರು ಗೇಟಿನ ಹತ್ತಿರವೇ ನಿಂತಿರುತ್ತಾನೆ. ಯಾಕೆ ಹೋಗುತ್ತಿಲ್ಲ ಎಂದು ಅವನ ಮೇಲೆ ರೇಗಬೇಡ. ಆರು ಗಂಟೆ ಓಡಿಸಿಕೊಂಡು ಬಂದಿದ್ದಾನೆ ಪಾಪ, ಒಂದು ಲೋಟ ಚಹಾ ಕೊಡು.

ಮೂರು ದಿನದಿಂದ ಈ ಕಾಗದ ಶುರು ಮಾಡುತ್ತೇನೆ, ಹರಿದು ಹಾಕುತ್ತೇನೆ. ಎದ್ದು ಹೊರಗೆ ಹೋಗುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಚೂಪಾಗಿಯೇ ಇದ್ದ ಪೆನ್ಸಿಲನ್ನು ಕೆತ್ತಿ ಕೆತ್ತಿ ಮೋಟು ಮಾಡಿದ್ದೇನೆ. ನಲವತ್ನಾಲ್ಕು ವರ್ಷದ ಹೆಂಗಸು ಅಪ್ಪನಿಗೆ ಕಾಗದ ಬರೆಯಲು ಇಷ್ಟು ಹೆದರುವುದುಂಟೇ?

ಈ ಸಲದ ಸರ್ವೆಯಲ್ಲಿ ನನ್ನ ಪಾಲಿಗೆ ಯಾವ ನಕ್ಷೆಯ ಹಾಳೆ ಬಂತು ಎಂದು ನೀನು ಕೇಳಿದ್ದೆ. ನಾನು ಬೇಕೆಂದೇ ಮಾತು ಹಾರಿಸಿದೆ. ಬಂದದ್ದು ನಿನ್ನ ಹಾಳೆ. ನೀನು ಹುಟ್ಟಿದ ಜಾಗದ್ದು, ಮೂವತ್ತೆಂಟು ವರ್ಷದ ಹಿಂದೆ ನೀನೇ ನಡೆದು ತಿದ್ದಿದ್ದು. ನಿನ್ನ ನಂತರ ಅದನ್ನು ಯಾರೂ ಮುಟ್ಟಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇವತ್ತಿಗೂ ಅದನ್ನೇ ಬಿಡಿಸಿ ತೋರಿಸುತ್ತಾರೆ. ನೋಡಿ, ಇದು ಕೂದಲೆಳೆ ಸಾಹೇಬರ ಹಾಳೆ, ಇದರಲ್ಲಿ ಒಂದು ತಪ್ಪು ಹುಡುಕಿ ನೋಡೋಣ ಅನ್ನುತ್ತಾರೆ. ಆಗೆಲ್ಲ ನಾನು ಹಿಂದೆ ನಿಂತು ಎದೆಯುಬ್ಬಿಸುತ್ತಿದ್ದೆ.

ನನಗೆ ಏಳೋ ಎಂಟೋ ವರ್ಷ. ನೀನು ಅದೇ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ನನ್ನ ಬೆರಳು ಹಿಡಿದು ಓದಿಸುತ್ತಿದ್ದೆ. ಒತ್ತೊತ್ತಾಗಿರುವ ಗೆರೆ ಅಂದರೆ ಕಡಿದಾದ ಏರು. ಚುಕ್ಕೆ ಸಾಲು ಅಂದರೆ ಕಾಲುದಾರಿ. ತುಂಬಿದ ಕಪ್ಪು ಚೌಕ ಅಂದರೆ ಜನ ಇರುವ ಮನೆ. ನೀನು ಹುಟ್ಟಿದ್ದು ಎಲ್ಲಿ ತೋರಿಸು ಅಂದೆ ನಾನು. ನೀನು ಹಳ್ಳದ ಆಚೆ ಒಂದು ಖಾಲಿ ಚೌಕ ತೋರಿಸಿದೆ. ಖಾಲಿ ಯಾಕೆ ಅಂದರೆ ಪಾಳು ಬಿದ್ದಿದೆ ಅಂದೆ. ಅಲ್ಲಿದ್ದ ನಿನ್ನ ತಂಗಿ, ನನ್ನ ಅತ್ತೆ, ಎಲ್ಲಿ ಅಂದರೆ ಊರು ಬಿಟ್ಟು ಹೋದಳು, ಎಲ್ಲಿದ್ದಾಳೋ ಯಾರಿಗೆ ಗೊತ್ತು ಅಂದೆ. ಆಮೇಲೆ ಲೋಟಗಳನ್ನು ಎತ್ತಿಬಿಟ್ಟೆ. ಆ ಹಾಳೆ ಸುರುಳಿ ಸುತ್ತಿಕೊಂಡ ಸದ್ದು ನನಗೆ ಇನ್ನೂ ನೆನಪಿದೆ.

ಇಲ್ಲಿಗೆ ಬಂದ ಮೊದಲ ವಾರ ನನಗೆ ಹಬ್ಬವೋ ಹಬ್ಬ. ಈ ಜಾಗದ ಹಳೆಯ ಮೂರು ಮುದ್ರಣಗಳನ್ನೂ ಕಚೇರಿಯಿಂದ ತಂದಿದ್ದೆ. ನಿನ್ನ ಅಜ್ಜನ ಕಾಲದ ಮೊದಲ ಹಾಳೆಯಲ್ಲಿ ಹಳ್ಳದ ದಡಕ್ಕೆ ಹಿಟ್ಟಿನ ಗಿರಣಿ ಇದೆ, ಸುಣ್ಣದ ಗೂಡು ಇದೆ, ದಾಟಲು ಕಾಲುಸಂಕ ಇದೆ. ಎರಡನೆಯದರಲ್ಲಿ ಸುಣ್ಣದ ಗೂಡು ಮಾಯ. ನಿನ್ನದರಲ್ಲಿ ಗಿರಣಿಯೂ ಮಾಯ. ನಾನು ಮೊದಲ ಹಾಳೆಯನ್ನು ಕೈಯಲ್ಲಿ ಹಿಡಿದು ಹುಡುಕಿಕೊಂಡು ಹೋದೆ. ನೀನು ಕಥೆ ಹೇಳುತ್ತಿದ್ದ ಗಿರಣಿಯ ಕಲ್ಲು ಸಿಕ್ಕಿತು ಅಪ್ಪಾ! ಅರ್ಧ ಮಣ್ಣಿನಲ್ಲಿ ಹೂತುಹೋಗಿದೆ. ಅದರ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದೆ. ನಿನಗೆಂದು ಒಂದು ಫೋಟೋ ತೆಗೆದೆ ಕೂಡ.

ಆ ಫೋಟೋ ತೆಗೆಯುವಾಗಲೇ ಎದುರಿನ ದಡದ ಕಾಲುದಾರಿ ಕಣ್ಣಿಗೆ ಬಿತ್ತು. ಹಳ್ಳದ ಕಲ್ಲುಗಳಿಂದ ಹೊರಟು, ಏರು ಹತ್ತಿ, ನೇರವಾಗಿ ನಿನ್ನ ಖಾಲಿ ಚೌಕದ ಕಡೆಗೆ. ಒಂದು ಹುಲ್ಲಿನ ಎಸಳಿಲ್ಲ, ಸವೆದು ಸವೆದು ಬಿಳಿಚಿಕೊಂಡಿದೆ. ಪಾಳು ಮನೆಗೆ ದಿನಾ ನಡೆಯುವವರು ಯಾರು? ಹೆಗಲಿಗೆ ಚೀಲ ಏರಿಸಿ ದಾಟಿಯೇಬಿಟ್ಟೆ.

ಮನೆಗೆ ಛಾವಣಿ ಇದೆ. ಬಾಗಿಲಿಗೆ ಹಸಿರು ಬಣ್ಣ, ಮುಂದೆ ಒಂದು ಬೆಂಚು, ಹನ್ನೆರಡು ಆಡು. ಒಬ್ಬ ಮುದುಕಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಮುಖ ಎತ್ತಿದಳು. ನಿನ್ನ ಮೂಗು, ಅಪ್ಪಾ. ಹಾಗೇ ಎತ್ತಿ ತಂದು ಅಂಟಿಸಿದ ಹಾಗೆ.

ನಾನು ಯಾರೆಂದು ಹೇಳಲಿಲ್ಲ. ಸರ್ವೆಯವಳು, ಮನೆ ಗುರುತು ಹಾಕಿಕೊಳ್ಳಲು ಬಂದೆ ಅಂದೆ. ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದೆ. "ಹುಟ್ಟಿದಾಗಿಂದ" ಅಂದಳು. ಒಂದು ದಿನವೂ ಬಿಟ್ಟು ಹೋಗಿಲ್ಲವೇ ಅಂದೆ. "ಬಿಟ್ಟು ಹೋಗು ಅಂದೋನೇ ಬಿಟ್ಟು ಹೋದ. ನಾನ್ಯಾಕ್ ಹೋಗ್ಲಿ?" ಅಂದಳು.

ನೀನು ನನಗೆ ಹೇಳದೆ ಬಿಟ್ಟದ್ದನ್ನು ಅವಳು ಹೇಳಿದಳು. ನೀನು ಪಟ್ಟಣಕ್ಕೆ ಹೊರಟಾಗ ಅವಳನ್ನೂ ಕರೆದೆಯಂತೆ. ಅವಳು ಬರುವುದಿಲ್ಲ ಅಂದಳು. ಬಾಗಿಲಲ್ಲೇ ಜಗಳವಾಯಿತು. ಇಬ್ಬರೂ ಒಬ್ಬರಿಗಿಂತ ಒಬ್ಬರು ಮೊಂಡರು, ನನಗೆ ಗೊತ್ತಿಲ್ಲವೇ? ಕೊನೆಗೆ ನೀನು, "ಇವತ್ತಿಂದ ಈ ಮನೇಲಿ ಯಾರೂ ಇಲ್ಲ ಅಂದ್ಕೋತೀನಿ" ಅಂದು ಇಳಿದು ಹೋದೆ. ಸಿಟ್ಟಿನಲ್ಲಿ ಎಲ್ಲರೂ ಏನಾದರೂ ಅನ್ನುತ್ತಾರೆ. ಆದರೆ ಅಂದದ್ದನ್ನು ಆರು ವರ್ಷದ ಮೇಲೆ ಬಂದು ನಕ್ಷೆಯಲ್ಲಿ ಬರೆದವನು ನೀನೊಬ್ಬನೇ ಇರಬೇಕು.

(ಇಲ್ಲಿ ಎದ್ದು ಹೋಗಿದ್ದೆ. ಹಳ್ಳದವರೆಗೆ ಹೋಗಿ ಬಂದೆ. ಮುಗಿಸಲೇಬೇಕು, ಡ್ರೈವರು ಜೀಪು ತೊಳೆಯುತ್ತಿದ್ದಾನೆ.)

ನೀನು ದೂರದಿಂದ ನೋಡಿ ತಪ್ಪು ತಿಳಿದಿರಬಹುದು ಎಂದುಕೊಂಡಿದ್ದೆ. ದೇವರೇ, ಹಾಗೇ ಆಗಿರಲಿ ಎಂದುಕೊಂಡಿದ್ದೆ. ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ. "ಆಚೆ ದಡದಲ್ಲಿ ನಕ್ಷೆ ಬರೆಯೋ ಹಲಗೆ ನಿಲ್ಲಿಸ್ಕೊಂಡಿದ್ದ. ದುರ್ಬೀನು ಹಿಡಿದು ನನ್ನನ್ನೇ ನೋಡಿದ. ನಾನು ಟವೆಲ್ ಬೀಸಿದೆ. ತಲೆ ಬಗ್ಗಿಸಿ ಏನೋ ಬರ್ಕೊಂಡ. ಸರಿ, ಕೆಲಸ ಮುಗಿಸ್ಕೊಂಡು ಬರ್ತಾನೆ ಅಂತ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ಹೊರಗೆ ಬಂದ್ರೆ ದಡ ಖಾಲಿ." ಹೀಗೆ ಹೇಳಿ ಆಡು ಕಟ್ಟಲು ಎದ್ದು ಹೋದಳು.

ಅಪ್ಪಾ, ಒಂದು ದನದ ಕೊಟ್ಟಿಗೆ ಬಿಟ್ಟುಹೋಗಿದೆ ಎಂದು ನನ್ನ ಮೊದಲ ಹಾಳೆಯನ್ನು ಹನ್ನೊಂದು ಸಲ ಬರೆಸಿದವನು ನೀನು! ಕೊಟ್ಟಿಗೆಯಲ್ಲಿ ದನ ಬದುಕಿದೆ, ಅದಕ್ಕೂ ಜಾಗ ಬೇಕು ಅಂದಿದ್ದೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ದಿನ ನೀನು ಎದುರಿಗೆ ಇದ್ದಿದ್ದರೆ ಏನಂದುಬಿಡುತ್ತಿದ್ದೆನೋ. ಅತ್ತೂಬಿಟ್ಟೆ.

ನಿನ್ನ ಚೌಕ ಬರೀ ಚೌಕವಾಗಿ ಉಳಿಯಲಿಲ್ಲ. ನೀನು ಬಂದು ಹೋದ ನಾಲ್ಕನೇ ವರ್ಷ ಕಾಲುಸಂಕ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅವಳು ಮೂರು ಸಲ ಅರ್ಜಿ ಹಾಕಿದ್ದಾಳೆ. ಮೂರು ಸಲವೂ ಒಂದೇ ಉತ್ತರ: ನಕ್ಷೆಯ ಪ್ರಕಾರ ಹಳ್ಳದಾಚೆ ವಾಸದ ಮನೆಯಿಲ್ಲ. ಆ ಮೂರೂ ಕಾಗದ ಅವಳ ಸಕ್ಕರೆ ಡಬ್ಬಿಯ ಕೆಳಗಿವೆ. ಇಷ್ಟು ವರ್ಷ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದಳು. ಈಗ ಮಂಡಿ ಕೇಳುತ್ತಿಲ್ಲ. ಈ ವರ್ಷವೂ ಸಂಕ ಬರದಿದ್ದರೆ ಆಡು ಮಾರಿ ಮನೆ ಬಿಡಬೇಕು, ಇನ್ನೇನ್ ಮಾಡ್ಲಿ ಅಂದಳು. ಬಿಡುವುದಿಲ್ಲ ಎಂದು ಅಣ್ಣನನ್ನೇ ಕಳೆದುಕೊಂಡವಳು ಅವಳು.

ಹಾಳೆ ಶುಕ್ರವಾರ ಮುದ್ರಣಕ್ಕೆ ಹೋಗುತ್ತದೆ. ಆಮೇಲೆ ಇನ್ನು ಇಪ್ಪತ್ತು ವರ್ಷ ಇದರ ಸುದ್ದಿಗೆ ಯಾರೂ ಬರುವುದಿಲ್ಲ. ಚೌಕ ತುಂಬುವುದಕ್ಕೆ ನನಗೆ ಒಂದು ಗಳಿಗೆ ಸಾಕು. ಆದರೆ ನಮೂನೆ ಇದೆಯಲ್ಲ, ನಿನಗೆ ಗೊತ್ತೇ ಇದೆ, ನೀನೇ ಕಟ್ಟುನಿಟ್ಟು ಮಾಡಿಸಿದ ನಿಯಮ. ಪಾಳು ಎಂದು ಗುರುತಿಸಿದ ಮನೆಯನ್ನು ವಾಸದ ಮನೆ ಎಂದು ತಿದ್ದಬೇಕಾದರೆ, ಒಂದೋ ಹೊಸದಾಗಿ ಕಟ್ಟಿದ್ದು ಎಂದು ಬರೆಯಬೇಕು, ಇಲ್ಲವೇ ಹಿಂದೆ ತಿದ್ದಿದವರು ತಪ್ಪಿಗೆ ಕಾರಣ ಬರೆದು ಸಹಿ ಹಾಕಬೇಕು.

ಹೊಸದಾಗಿ ಕಟ್ಟಿದ್ದು ಎಂದು ಬರೆದಿದ್ದೆ. ನಿನ್ನಿಂದ ಮುಚ್ಚಿಡುವುದೇನು, ಎರಡು ದಿನ ಹಾಗೇ ಬಿಟ್ಟಿದ್ದೆ. ನಿಯಮ ಕೇಳಿ ಅತ್ತೆಯೇ ಹೇಳಿದ್ದು: "ಹೊಸದು ಅಂತಾನೇ ಹಾಕ್ಕೊಳ್ಳಿ. ನನ್ನಣ್ಣ ನಿಮ್ಮ ಆಫೀಸಲ್ಲಿ ಹೆಸರಿರೋನು, ಈ ವಯಸ್ಸಲ್ಲಿ ಯಾಕೆ ಅವನ ಮುಖಕ್ಕೆ ಮಸಿ?" ಎಷ್ಟು ಸಲೀಸು! ಸಂಕವೂ ಬರುತ್ತದೆ, ನಿನ್ನ ಹಾಳೆಯೂ ಮಚ್ಚೆಯಿಲ್ಲದೆ ಉಳಿಯುತ್ತದೆ. ಆದರೆ ಎಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಕೂತವಳನ್ನು ನಿನ್ನೆ ಬಂದವಳು ಎಂದು ನಾನು ಬರೆದರೆ, ನೀನು ಮಾಡಿದ್ದನ್ನೇ ನಾನೂ ಮಾಡಿದ ಹಾಗಲ್ಲವೇ? ಅಳಿಸಿ ಹಾಕಿದೆ.

ಒಂದು ಮಾತು. ನೀನು ಮನೆಯನ್ನು ಅಳಿಸಿದೆ, ಕಾಲುದಾರಿಯನ್ನು ಅಳಿಸಲಿಲ್ಲ. ನಿನ್ನ ಹಾಳೆಯಲ್ಲಿ ಆ ಚುಕ್ಕೆ ಸಾಲು ಹಳ್ಳ ದಾಟಿ ಖಾಲಿ ಚೌಕದ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ಹೋಗುವವರಿಲ್ಲದ ದಾರಿಯನ್ನು ತೆಗೆಯಬೇಕು ಎಂದು ನನಗೆ ಕಲಿಸಿದವನೇ ನೀನು. ಮರೆತೆ ಅನ್ನಬೇಡ, ನೀನು ಮರೆಯುವವನಲ್ಲ. ಕೈ ಬರಲಿಲ್ಲ, ಅಲ್ಲವೇ? ಅದನ್ನು ಕಂಡ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ.

ನಮೂನೆ ಲಕೋಟೆಯಲ್ಲಿದೆ. ಕಾರಣದ ಜಾಗ ಖಾಲಿ ಬಿಟ್ಟಿದ್ದೇನೆ. ಬರೆದು ಸಹಿ ಹಾಕಿ ಡ್ರೈವರಿನ ಕೈಗೆ ಕೊಟ್ಟರೆ ಕಚೇರಿಗೆ ಅಷ್ಟು ಸಾಕು. ನನಗೆ ಸಾಲದು. ನೀನೂ ಜೀಪು ಹತ್ತು. ಕಾಲುನೋವು ಅನ್ನಬೇಡ, ಬೆಳಿಗ್ಗೆ ಎದ್ದರೆ ಪೇಪರು ತರಲು ಎರಡು ಬೀದಿ ದಾಟಿ ಹೋಗುವವನು ನೀನು. ಹಳ್ಳದಲ್ಲಿ ಆರು ಕಲ್ಲು. ನಾಲ್ಕನೆಯದು ಸ್ವಲ್ಪ ಅಲುಗಾಡುತ್ತದೆ. ನಾನು ಒಂದು ಕೈ ಹಿಡಿಯುತ್ತೇನೆ, ಡ್ರೈವರು ಇನ್ನೊಂದು.

ಬಾರಪ್ಪಾ.

ನಿನ್ನ
ಚೂಟಿ

ತಾ. ಕ.: ಕ್ಯಾಂಪಿನಿಂದ ಎಂದು ಮೇಲೆ ಬರೆದದ್ದು ಸುಳ್ಳು. ಆರು ದಿನದಿಂದ ನಾನು ಅತ್ತೆಯ ಮನೆಯಲ್ಲೇ ಇದ್ದೇನೆ. ಈ ಕಾಗದವನ್ನೂ ಅವಳ ಬಾಗಿಲ ಮುಂದಿನ ಬೆಂಚಿನ ಮೇಲೆಯೇ ಬರೆದೆ. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಈಗಷ್ಟೇ ಹಿಂದೆ ಬಂದು ನಿಂತು, ಇಷ್ಟುದ್ದ ಯಾರಿಗೆ ಎಂದು ಕೇಳಿದಳು. ಆಫೀಸಿಗೆ ಅಂದೆ. ನನ್ನ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ನನ್ನ ಕೈಗೇ ಇಟ್ಟಳು. "ಅವನೂ ಹಿಂಗೇ ಸಿಕ್ಕಿಸ್ಕೋತಿದ್ದ. ಬರಿ ಮಗಾ. ಕೊನೇಲಿ ನಿಮ್ಮಪ್ಪನಿಗೆ ನಂದೂ ಒಂದು ಸಾಲು ಹಾಕು, ನೀರಿಟ್ಟಿದೀನಿ ಅಂತ."