ಮಗ್ಗದ ಮೇಲಿನ ಅಗ್ಗದ ಕೋಣೆ

ಲೋಕಾಪುರದ ಸಕಲ ಒಲೆಗಳ ಅಧೀಶ್ವರಿ, ಅಪ್ಪನನ್ನೂ ಗದರಿಸಬಲ್ಲ ಏಕೈಕ ಮಹಾಶಕ್ತಿ ತಂಗೆವ್ವಜ್ಜಿಯ ದಿವ್ಯ ಪಾದಗಳಿಗೆ ಮೊಮ್ಮಗ ಸಿದ್ದಾರೂಢನ ಉದ್ದಂಡ ನಮಸ್ಕಾರ.

ಖರ್ಚು ಉಳಿಸಲೆಂದು ರಬಕವಿಯಲ್ಲಿ ಪವರ್‌ಲೂಮ್ ಶೆಡ್ಡಿನ ಮೇಲಿನ ಕೋಣೆ ಹಿಡಿದಿದ್ದೇನೆ. ಬಾಡಿಗೆ ಅರ್ಧ. ಕೆಳಗೆ ಮಗ್ಗಗಳು ಓಡಿದರೆ ಮೇಲೆ ನನ್ನ ಮಂಚ ನಡೆಯುತ್ತದೆ. ಕಿಟಕಿಯ ಬಳಿ ಮಲಗಿದವನು ಬಾಗಿಲ ಬಳಿ ಏಳುತ್ತೇನೆ. ಮಾಲೀಕರಿಗೆ ದೂರು ಹೇಳಿದೆ. “ಸಪ್ಪಳಕ್ಕಂತನ ಅರ್ಧಾ ಬಿಟ್ಟೇನಿ, ತಮ್ಮಾ. ಇನ್ನ ನಿನ್ನ ಕಿವಿಗೆ ಪಗಾರ ಕೊಡ್ಲೇನು?” ಎಂದರು.

ಆರೋಗ್ಯ ಚೆನ್ನಾಗಿದೆ. ಈ ತಿಂಗಳೂ ದುಡ್ಡು ಸಾಲದಿದ್ದರೆ ಎಂ.ಎ. ಬಿಡಿಸುವುದಾಗಿ ಅಪ್ಪ ಹೇಳಿದ್ದಾರೆ. ಹುಡುಗ ಉಳಿತಾಯ ಕಲಿತ ಎಂದು ನೀನೇ ಅವರಿಗೆ ಹೇಳಬೇಕು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಇಲ್ಲಿ ಓದಲು ಆಗುವುದಿಲ್ಲವೆಂದು ಹಳೆಯ ಕೋಣೆಯನ್ನೂ ಬಿಟ್ಟಿಲ್ಲ. ಅದಕ್ಕೆ ಪೂರ್ತಿ ಬಾಡಿಗೆ.