ಚಿಲಕದ ವಿಷಯ ಅವನಿಗೆ ಹೇಳಿದವರು ಯಾರು?

ಸೈಬರ್ ಅಪರಾಧ ಠಾಣೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ತಂಗಿಯ ಕೊಲೆ ‘ಮಾತಿಗೆ ಮಾತು ಬೆಳೆದು ಆದ ಕೃತ್ಯ’ ಎಂದು ಕಡತದಲ್ಲಿದೆಯಂತೆ. ಕೊಲೆಯ ನಂತರ ನಾನು ನಿಮಗೊಪ್ಪಿಸಿದ ಕಂಪ್ಯೂಟರು ‘ಪ್ರಕರಣಕ್ಕೆ ಸಂಬಂಧಿಸಿಲ್ಲ, ಬಂದು ಒಯ್ಯಿರಿ’ ಎಂದು ನೀವು ನೋಟಿಸು ಕಳಿಸಿದ್ದೀರಿ. ನಾನು ಒಯ್ಯುವುದಿಲ್ಲ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಹೆಚ್ಚು ಓದಿಲ್ಲ. ಕೈಯ ಅಂಟು ತೊಳೆದು ನಾಲ್ಕು ಸಾಲು ದಿನಚರಿ ಬರೆಯುವ ಅಭ್ಯಾಸವುಂಟು. ‘ಕಾಗದ ಯಾಕೆ ಅತ್ತಿಗೆ, ಇದರಲ್ಲಿ ಬರೀರಿ’ ಎಂದು ಆ ಕಂಪ್ಯೂಟರನ್ನು ತಂದಿಟ್ಟವನು ತಂಗಿಯ ಗಂಡನೇ. ಅವನ ಹೊಡೆತ ತಾಳದೆ ತಂಗಿ ನನ್ನಲ್ಲಿಗೆ ಬಂದಳು. ನಾನು ಹಿಂದಿನ ದಿನ ದಿನಚರಿಯಲ್ಲಿ ಬರೆದಂತೆ ಅವಳು ಆಸ್ಪತ್ರೆಗೆ ಹೋದರೆ, ವಕೀಲರಲ್ಲಿಗೆ ಹೋದರೆ, ಅವಳಿಗಿಂತ ಮೊದಲೇ ಅವನು ಬಾಗಿಲಲ್ಲಿ ಹಾಜರು. ಅನುಮಾನ ಬಂದು ರಿಪೇರಿಯವನನ್ನು ಕರೆಸಿದೆ. ಯಾರೂ ಮುಟ್ಟದಿದ್ದರೂ ಯಂತ್ರವು ಹತ್ತು ನಿಮಿಷಕ್ಕೊಮ್ಮೆ ಒಂದೇ ವಿಳಾಸಕ್ಕೆ ಏನನ್ನೋ ಕಳಿಸುತ್ತಿತ್ತು. ರಿಪೇರಿಯವನು ಹಾಗೆ ಕಳಿಸಿದ್ದೆಲ್ಲದರ ಪಟ್ಟಿಯನ್ನು ಮುದ್ರಿಸಿ ಕೊಟ್ಟು, ‘ಅಕ್ಕಾ, ನೀವು ಟೈಪ್ ಮಾಡಿದ್ದೆಲ್ಲ ಹೊರಗೆ ಹೋಗ್ತಿದೆ. ಏನೂ ಅಳಿಸ್ಬೇಡಿ, ಪೊಲೀಸರಿಗೆ ಕೊಡಿ’ ಎಂದ.

ಮಂಗಳವಾರ ಆ ಪಟ್ಟಿಯನ್ನು ನಿಮ್ಮ ಮೇಜಿನ ಮೇಲಿಟ್ಟೆ. ನೀವು ನಕ್ಕಿರಿ. ‘ನಿಮ್ಮ ಅಂಟು ರಟ್ಟಿನ ಕಥೆ ಓದಿ ಅವನಿಗೇ ಬೇಜಾರಾಗುತ್ತೆ ಬಿಡಮ್ಮ. ಸೋಮವಾರ ಮಷೀನ್ ತನ್ನಿ. ಅಲ್ಲೀವರೆಗೂ ದಿನಾ ಬರೆಯೋ ಹಾಗೇ ಬರೀತಿರಿ. ನಿಲ್ಲಿಸಿದ್ರೆ ಕಳ್ಳ ಹುಷಾರಾಗ್ತಾನೆ.’ ಎಂಥ ಜಾಣ್ಮೆ. ಕಳ್ಳನ ಬಗ್ಗೆ ಇಷ್ಟು ಯೋಚಿಸಿದವರಿಗೆ ಅವನು ಯಾರನ್ನು ಹುಡುಕುತ್ತಿದ್ದಾನೆಂದು ಕೇಳಲು ಬಾಯಿ ಬರಲಿಲ್ಲವೇ?

ನಾನು ಹೇಳಿದ ಮಾತು ಕೇಳುವವಳು. ಗುರುವಾರ ತಂಗಿಯನ್ನು ಗುಟ್ಟಾಗಿ ಬೇರೆ ಕೋಣೆಗೆ ಕಳಿಸಿದೆ. ಬೀದಿಯ ಹೆಸರು ಬರೆಯಲಿಲ್ಲ, ಅಷ್ಟು ಬುದ್ಧಿ ಇತ್ತು. ‘ಇಸ್ತ್ರಿ ಅಂಗಡಿಯ ಮೇಲಿನ ಕೋಣೆ. ಬಿಸಿ ಬಟ್ಟೆಯ ವಾಸನೆ ಅವಳಿಗೆ ಹಿಡಿಸಿತು. ಚಿಲಕ ಸಡಿಲ. ಶನಿವಾರ ಹೊಸದು ಒಯ್ಯಬೇಕು.’ ಇಷ್ಟೇ ಬರೆದೆ. ಇಷ್ಟು ಸಾಕಾಯಿತು.

ಶನಿವಾರ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಏಟಿನ ಸದ್ದು ಕೇಳಿತು. ಬಾಗಿಲು ಒಳಕ್ಕೆ ಬಿದ್ದಿತ್ತು. ಅವನ ಕೈಯಲ್ಲಿ ಕಬ್ಬಿಣದ ಸರಳು. ತಂಗಿಯ ದವಡೆ ಕಳಚಿ ಜೋತಾಡುತ್ತಿತ್ತು, ಆದರೂ ಅವಳು ಮಂಚದ ಕಾಲನ್ನು ಹಿಡಿದೇ ಇದ್ದಳು. ಅವನು ನನ್ನನ್ನು ನೋಡಿ ಹೇಳಿದ: ‘ಚಿಲಕ ತರೋದು ತಡ ಆಯ್ತಲ್ಲ, ಅತ್ತಿಗೆ.’ ಹೇಳಿ ಅವಳ ತಲೆಗೆ ಇನ್ನೆರಡು ಹಾಕಿದ. ಕೈಚೀಲವನ್ನು ಬೀಸಿ ಅವನ ಕಿವಿಗೆ ಬಡಿದೆ. ಅವನು ನನ್ನ ಬಲ ಮೊಣಕೈ ಮುರಿದ. ಅಷ್ಟರಲ್ಲಿ ಅವಳ ಕೈ ಮಂಚದ ಕಾಲನ್ನು ಬಿಟ್ಟಿತ್ತು.

ಚಿಲಕ ಇನ್ನೂ ನನ್ನ ಚೀಲದೊಳಗೇ ಇತ್ತು, ಸ್ವಾಮಿ. ಅದನ್ನು ಒಯ್ಯುವ ವಿಷಯ ನನಗೂ ಆ ದಿನಚರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಮೊದಲೇ ಓದಿಕೊಂಡು, ಸರಳು ಹಿಡಿದು ಬಂದವನದು ಮಾತಿಗೆ ಮಾತು ಬೆಳೆದ ಜಗಳವೇ?

ಆ ಯಂತ್ರವನ್ನು ತೆರೆಸಿ. ಆ ವಿಳಾಸ ಯಾರದೆಂದು ಬರೆಸಿ. ಮಂಗಳವಾರದ ನನ್ನ ದೂರನ್ನು ಅದೇ ತಾರೀಖಿನೊಂದಿಗೆ ಕಡತಕ್ಕೆ ಸೇರಿಸಿ. ನೀವು ನನಗೆ ಹೇಳಿದ ಮಾತನ್ನೂ ಸೇರಿಸಿ. ನನ್ನ ತಪ್ಪನ್ನು ನಾನು ಇಲ್ಲಿ ಹತ್ತು ಜನ ಓದುವಂತೆ ಬರೆದಿದ್ದೇನೆ. ನಿಮ್ಮದನ್ನು ನೀವು ಬರೆಯಿರಿ.

ಇಂತಿ,
ನೀವು ಹೇಳಿದಂತೆಯೇ ಬರೆಯುತ್ತಾ ಹೋದ ಅಕ್ಕ
(ಈ ಪತ್ರ ಮಾತ್ರ ಕಾಗದದ ಮೇಲೆ, ಎಡಗೈಯಲ್ಲಿ)